ಬಾಡದ ಹೂವಿನ ಸವಾಲು

ಬೆಳಿಗ್ಗೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಒಂದು ಮಾರು ಸೇವಂತಿಗೆಗೆ ಒಂದು ರೇಟು, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು. ಸಂಜೆ ಊರಿನ ಬಸ್ಸಿಗೆ ಹೊತ್ತಾಯಿತು ಅಂತ ಹೂವಿನವರು ಬುಟ್ಟಿ ಖಾಲಿ ಮಾಡುವಾಗ ನಾವು ಕೇಳಿದ್ದೇ ರೇಟು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಈ ಆಟ ನಡೆಯೋದಿಲ್ಲ. ಅವತ್ತು ಅವರು ಹೇಳಿದ್ದೇ ರೇಟು, ಸುಮ್ನೆ ಕೊಟ್ಟು ಬರಬೇಕು. ಹಾಸನದಲ್ಲಿ ಹೀಗೆ ಹೂವು ಕೊಂಡು ಬೆಳೆದವರಿಗೆ, ಹಳೆಯದಾದಷ್ಟೂ ಬೆಲೆ ಏರುವ ಹೂವೂ ಇದೆ ಅಂದರೆ ನಂಬೋದು ಕಷ್ಟ.

ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವನಿಗೆ ಈಚೆಗೆ ಆನ್‌ಲೈನ್ ಹರಾಜು ನೋಡುವ ಚಟ. ಕೊಳ್ಳೋದು ಕಡಿಮೆ, ನೋಡೋದು ಜಾಸ್ತಿ. ಮೊನ್ನೆ ಯುರೋಪಿನ ಯಾವುದೋ ಹರಾಜಿನಲ್ಲಿದ್ದ ಹೂವಿನ ಚಿತ್ರವೊಂದನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದರು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಹೂದಾನಿ ತುಂಬ ಗುಲಾಬಿ, ಟುಲಿಪ್, ಪಿಯೋನಿ. ಬಲಗಡೆ ಕೆಳಗೆ ಓದಲಿಕ್ಕಾಗದ ಒಂದು ಸಹಿ. ಅಕ್ಕನ ಅತ್ತೆ ಕನ್ನಡಕ ಏರಿಸಿ ನೋಡಿದರು.

"ಗುಲಾಬಿ ಬಿಟ್ರೆ ದೇವರಿಗೆ ಇಡೋ ಹೂವು ಒಂದೂ ಇಲ್ವಲ್ಲೋ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹೂವು ದೇವರ ತಲೆಗೆ ಹೋಗುತ್ತದೆ, ಹೆಂಗಸರ ಮುಡಿಗೆ ಹೋಗುತ್ತದೆ, ಬಾಗಿಲಿಗೆ, ಆಯುಧಪೂಜೆಯ ದಿನ ಜೀಪಿನ ಬಾನೆಟ್ಟಿಗೆ. ಹೂದಾನಿಗೆ ಹೋಗುವುದು ಅಪರೂಪ. ಹೂವನ್ನು ನೀರಿನಲ್ಲಿ ನಿಲ್ಲಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಬರೆಯುವುದು ಇನ್ನೊಂದು ಥರದ ಪೂಜೆಯೇ ಇರಬೇಕು. ಅದನ್ನು ಶ್ರದ್ಧೆಯಿಂದ ಮಾಡಿದವರು ಹಾಲೆಂಡಿನವರು. ರೇಚಲ್ ರಾಯ್ಶ್ ಅನ್ನುವ ಹೆಂಗಸು 1664ರಲ್ಲಿ ಹುಟ್ಟಿ, ಹತ್ತು ಮಕ್ಕಳನ್ನು ಹೆತ್ತು, ಎಂಬತ್ತು ದಾಟಿದ ಮೇಲೂ ಹೂವು ಬರೆಯುತ್ತಿದ್ದರು. ಇದನ್ನು ಕೇಳಿ ಅಕ್ಕ, "ಅಡುಗೆ ಯಾರು ಮಾಡ್ತಿದ್ರಂತೆ?" ಅಂದಳು.

ಆ ಕಾಲದ ಚಿತ್ರಗಳಲ್ಲಿ ಒಂದು ಸುಂದರವಾದ ಸುಳ್ಳಿದೆ. ವಸಂತದ ಟುಲಿಪ್ಪು, ಬೇಸಿಗೆಯ ಗುಲಾಬಿ ಎಲ್ಲ ಒಂದೇ ಹೂದಾನಿಯಲ್ಲಿ, ಒಂದೇ ಬೆಳಗಿನಲ್ಲಿ ಕಿತ್ತು ತಂದ ಹಾಗೆ ನಿಂತಿರುತ್ತವೆ. ನಿಜದಲ್ಲಿ ಅವು ಒಂದನ್ನೊಂದು ನೋಡಿಯೇ ಇಲ್ಲ. ಯಾನ್ ವಾನ್ ಹೌಸಮ್ ಅನ್ನುವ ಕಲಾವಿದ, ಹಳದಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಚಿತ್ರ ಮುಗಿದಿಲ್ಲ ಅಂತ 1742ರಲ್ಲಿ ಗಿರಾಕಿಯ ಕಡೆಯವರಿಗೆ ಕಾಗದ ಬರೆದಿದ್ದ. ಅವನ ಕೆಲವು ಚಿತ್ರಗಳ ಮೇಲೆ ಎರಡೆರಡು ಇಸವಿಗಳಿವೆ.

ಅದೇ ಲೆಕ್ಕದಲ್ಲಿ ನಮ್ಮ ಕಡೆಯದ್ದೊಂದು ಹೂದಾನಿ ಬರೆಯಬೇಕು ಅಂದರೆ ಹೇಗಿರುತ್ತೆ? ಮೊದಲು ಮಾರ್ಚಿ ಆಸುಪಾಸಿನ ಹೂಮಳೆಗೆ ಕಾಯಬೇಕು. ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಕಾಫಿ ಹೂವು ಮೂರ್ನಾಲ್ಕು ದಿನದಲ್ಲಿ ಕಂದುತ್ತದೆ, ಅಷ್ಟರೊಳಗೆ ಅದನ್ನು ಬರೆದು ಮುಗಿಸಬೇಕು. ಆಮೇಲೆ ಮುಂಗಾರಿನ ಹೊತ್ತಿಗೆ ಮರದಿಂದ ಇಳಿಬೀಳುವ ಸೀತಾಳೆ ದಂಡೆ. ಜಡಿಮಳೆಯಲ್ಲಿ ಅಂಗಳದ ಡೇಲಿಯಾ. ದಸರಾ ದೀಪಾವಳಿಗೆ ಸೇವಂತಿಗೆ. ಒಂದು ಚಿತ್ರಕ್ಕೆ ಒಂದು ವರ್ಷ. ಆ ವರ್ಷ ಹೂಮಳೆ ಕೈಕೊಟ್ಟರೆ ಕಾಫಿಯವರ ಜೊತೆ ಚಿತ್ರಕಾರನೂ ತಲೆ ಮೇಲೆ ಕೈ ಹೊತ್ತು ಕೂರಬೇಕು.

ಅವಸರ ಮಾಡುವ ಹಾಗೂ ಇಲ್ಲ. ಬಣ್ಣ ಕಲಸುವ ಅಗಸೆ ಎಣ್ಣೆ ನೀರಿನಂತೆ ಆರಿ ಹೋಗೋದಿಲ್ಲ. ಗಾಳಿಯ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗುತ್ತದೆ, ದಪ್ಪಗೆ ಬಳಿದರೆ ತಿಂಗಳುಗಟ್ಟಲೆ. ಹೂವು ಬಾಡಿ, ಕಸಕ್ಕೆ ಹೋಗಿ, ಗೊಬ್ಬರವೂ ಆದ ಮೇಲೆ ಅದರ ಚಿತ್ರ ಇನ್ನೂ ಹಸಿ!

ಬಾಡದ ಹೂವು ಅಂದರೆ ಹಾಸನದವರಿಗೆ ಮೊದಲು ನೆನಪಾಗೋದು ಹಾಸನಾಂಬೆ. ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ಗುಡಿಯ ಬಾಗಿಲು ತೆಗೆದಾಗ ಹಿಂದಿನ ವರ್ಷದ ದೀಪ ಉರಿಯುತ್ತಿರುತ್ತದೆ, ಹೂವು ಬಾಡಿರೋದಿಲ್ಲ ಅನ್ನುವುದು ಭಕ್ತರ ನಂಬಿಕೆ. ಎಣ್ಣೆಬಣ್ಣದ ಹೂವಿಗೆ ಅಂಥ ಪವಾಡದ ಭಾಗ್ಯವಿಲ್ಲ. ಅದೂ ಬಾಡುತ್ತದೆ. ಹಸಿರಿನಲ್ಲಿ ಬೆರೆಸಿದ ಹಳದಿ ಬೆಳಕಿಗೆ ಹಾರಿಹೋಗಿ, ಹಳೆಯ ಡಚ್ ಚಿತ್ರಗಳಲ್ಲಿ ಎಷ್ಟೋ ಎಲೆಗಳು ಈಗ ನೀಲಿಯಾಗಿವೆ. ವ್ಯಾನ್ ಗಾಗ್ ಬಳಸಿದ ಕ್ರೋಮ್ ಹಳದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೂ ಅವನ ಒಂದು ಸೂರ್ಯಕಾಂತಿ ಚಿತ್ರ 1987ರಲ್ಲಿ ಲಂಡನ್ನಿನ ಹರಾಜಿನಲ್ಲಿ 2.47 ಕೋಟಿ ಪೌಂಡಿಗೂ ಮಿಕ್ಕಿ ಹೋಯಿತು. ಕೊಂಡಿದ್ದು ಜಪಾನಿನ ಒಂದು ವಿಮಾ ಕಂಪನಿ. ಸಂಜೆ ಹೊತ್ತಿಗೆ ರೇಟು ಇಳಿಸುವ ನಮ್ಮ ಹೂವಿನವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಅಲ್ಲಿ ಬೆಲೆ ಹೂವಿಗಲ್ಲ, ಹೆಸರಿಗೆ. ಚಿತ್ರ ಇಂಥವರದ್ದೇ ಅಂದರೆ ಒಂದು ರೇಟು. ಇಂಥವರದ್ದಿರಬಹುದು ಅಂದರೆ ಅದಕ್ಕಿಂತ ಕೆಳಗೆ. ಇಂಥವರ ಬಳಗದ್ದು, ಇಂಥವರನ್ನು ಅನುಸರಿಸಿದವರದ್ದು ಅಂತ ಇಳಿಯುತ್ತಾ ಹೋಗುತ್ತದೆ. ಗಂಡು ನೋಡುವಾಗ, ಹುಡುಗ ದೊಡ್ಡ ಮನೆತನದವನೇನಲ್ಲ, ಆದರೆ ಆ ಮನೆತನದ ದೂರದ ನೆಂಟ ಅನ್ನುತ್ತಾರಲ್ಲ, ಹಾಗೆ. ಭಾವ ಮೆಚ್ಚಿದ ಚಿತ್ರ ಅಷ್ಟಕ್ಕೂ ಬರಲಿಲ್ಲ. ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಅಂದಾಜು ಬೆಲೆ ಒಂದು ಒಳ್ಳೆ ಸೋಫಾ ಸೆಟ್ಟಿನಷ್ಟೇ ಇತ್ತು. ಅದರ ಮೇಲೆ ಹರಾಜು ಮನೆಯ ಪಾಲು, ಸಾಮಾನ್ಯವಾಗಿ ಶೇಕಡಾ 25ರ ಆಸುಪಾಸು. ಸಾಗಣೆ ಬೇರೆ, ಕಸ್ಟಮ್ಸ್ ಬೇರೆ.

"ತಂದು ಎಲ್ಲಿ ಹಾಕ್ತೀರಿ?" ಅಕ್ಕ ಕೇಳಿದಳು. "ಜುಲೈನಲ್ಲಿ ನಮ್ಮ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತೆ."

ಭಾವ ಆದರೂ ಹರಾಜಿಗೆ ಕೂತರು. ಒಂದೆರಡು ಸಲ ಒತ್ತಿದರು. ಯಾರೋ ಮೇಲೆ ಹೋದರು, ಇವರು ಬಿಟ್ಟುಬಿಟ್ಟರು. ಇದೇ ಭಾವ ಊರ ಗಣಪತಿ ಬಿಡುವ ದಿನ ಫಲದ ತಟ್ಟೆಗೆ ಪಕ್ಕದ ತೋಟದವರ ಎದುರು ಹಠಕ್ಕೆ ಬಿದ್ದು, ಗಂಟಲು ಹರಿಯುವಷ್ಟು ಸವಾಲು ಕೂಗಿದವರು. ನಾಲ್ಕು ಬಾಳೆಹಣ್ಣು, ಒಂದು ತೆಂಗಿನಕಾಯಿಗೆ ಅವರು ಕೊಟ್ಟ ದುಡ್ಡನ್ನು ಅಕ್ಕ ಇವತ್ತಿಗೂ ಯಾರಿಗೂ ಹೇಳಿಲ್ಲ. ಇದಕ್ಕೆ ಯಾಕೆ ಅಷ್ಟು ಬೇಗ ಸೋತಿರಿ ಅಂತ ಕೇಳಿದೆ.

"ಎದುರಿಗೆ ಯಾರಿದ್ದಾರೆ ಅಂತಲೇ ಕಾಣಲ್ಲ ಮಾರಾಯ. ಬರೀ ನಂಬರು. ನಂಬರಿನ ಮೇಲೆ ಎಂಥ ಹಠ?" ಅಂದವರು ಮುಂದಿನ ಐಟಂಗೆ ಹೋದರು. ಅದೊಂದು ಹಿತ್ತಾಳೆ ಗಡಿಯಾರ, ನಡೆಯುತ್ತಿರಲಿಲ್ಲ.