ಸತ್ಯಾಂಶ: ಹಸಿ ಮೀನು, ಹಾಲು ಕೊಟ್ಟರೆ ಮೇನ್ ಕೂನ್ ಬೇಗ ಬೆಳೆಯುತ್ತಾ?

"ಮೇನ್ ಕೂನ್ ಬೆಕ್ಕಿಗೆ ದಿನಾ ಹಸಿ ಮೀನು, ಒಂದು ಲೋಟ ಹಾಲು ಕೊಡಿ. ವರ್ಷದೊಳಗೆ ನಾಯಿಯಷ್ಟು ಬೆಳೆಯುತ್ತೆ." ಕಾರವಾರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು.

ಮೇನ್ ಕೂನ್ ದೊಡ್ಡ ಗಾತ್ರದ ಬೆಕ್ಕಿನ ತಳಿ, ಅದು ಬೆಳೆಯುವುದೇ ನಿಧಾನ. ಪೂರ್ತಿ ಗಾತ್ರಕ್ಕೆ ಬರಲು 3ರಿಂದ 5 ವರ್ಷ ಬೇಕು. ಸುಮ್ನೆ ಜಾಸ್ತಿ ತಿನ್ನಿಸಿದರೆ ಬರುವುದು ಬೊಜ್ಜು.

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಯಿಂದ ಈಗಷ್ಟೇ ಇಳಿದ ತಾಜಾ ಮೀನು, ಬೆಕ್ಕಿಗೇನು ತೊಂದರೆ ಅನಿಸುತ್ತದೆ, ಅಲ್ವಾ? ತಾಜಾತನದ ಪ್ರಶ್ನೆ ಅಲ್ಲ ಇದು. ಕೆಲವು ಜಾತಿಯ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಅನ್ನು ಒಡೆದುಹಾಕುತ್ತದೆ. ದಿನಾ ಹಸಿಯಾಗೇ ತಿಂದರೆ ಬೆಕ್ಕು ಊಟ ಬಿಡಬಹುದು, ತೂರಾಡಬಹುದು, ಫಿಟ್ಸ್ ಕೂಡ ಬರಬಹುದು. ಬೇಯಿಸಿದರೆ ಆ ಕಿಣ್ವದ ಕೆಲಸ ನಿಲ್ಲುತ್ತದೆ. ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ, ಅಪರೂಪಕ್ಕೆ ಸ್ವಲ್ಪ ಕೊಡಿ. ಮೀನು ಸಾರು ಕಲಸಿದ ಅನ್ನ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಹಾಳು ಮಾಡುತ್ತವೆ.

ಹಾಲು? ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಅರಗುವುದಿಲ್ಲ, ಭೇದಿ ಆಗುತ್ತದೆ. ನೀರೇ ಸಾಕು.

ದಿನದ ಊಟಕ್ಕೆ ಬೆಕ್ಕಿಗೆಂದೇ ಮಾಡಿದ, ಟೌರಿನ್ ಎಂಬ ಪೋಷಕಾಂಶ ಇರುವ ಆಹಾರ ಕೊಡಿ. ಟೌರಿನ್ ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿರುವ ನಾಯಿಯ ಆಹಾರ ಇದಕ್ಕೆ ಸಾಲದು.