ಡಕ್ಟಿನ ಕಿಟಕಿ ಮತ್ತು ಒಣಮೀನು

ಮುಂಬಯಿಯಿಂದ ಮಂಗಳೂರಿಗೆ ಹೋಗುವ ರೈಲಿಗೆ ‘ಮತ್ಸ್ಯಗಂಧಾ’ ಎಂದು ಹೆಸರಿಟ್ಟವರಿಗೆ ಕರಾವಳಿಯವರ ಮೂಗಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ರೈಲಿನ ಮೇಲೆ ಬರೆದಾಗ ಗಂಧವೆನಿಸಿಕೊಳ್ಳುವುದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲಿಗೆ ಬಂದೊಡನೆ ನಾತವಾಗುತ್ತದೆ.

ಉಡುಪಿ ಕಡೆಯ ನಮ್ಮ ಊರಿನಲ್ಲಿ, ಸಸ್ಯಾಹಾರಿಗಳಾದ ನಮ್ಮ ಮನೆಗೂ ಮೀನು ತಿನ್ನುವವರ ಮನೆಗೂ ನಡುವೆ ಒಂದು ಗದ್ದೆ, ನಾಲ್ಕಾರು ತೆಂಗಿನ ಮರ, ಸಾಲದ್ದಕ್ಕೆ ಕಡಲ ಗಾಳಿ ಇತ್ತು. ನಮ್ಮ ಹೊಂದಾಣಿಕೆ ದೊಡ್ಡದೆಂದು ನಾವು ಹೇಳಿಕೊಳ್ಳುತ್ತಿದ್ದೆವು; ಅದರಲ್ಲಿ ಬಹುಪಾಲು ಆ ಗದ್ದೆಯದೇ ಎಂದು ತಿಳಿದದ್ದು, ನಾಲ್ಕು ಅಡುಗೆಮನೆಗಳ ಕಿಟಕಿಗಳು ಗಾಳಿಯಾಡಲೆಂದು ಬಿಟ್ಟ ಒಂದೇ ಕಿಂಡಿಗೆ, ಅಂದರೆ ಡಕ್ಟಿಗೆ, ತೆರೆದುಕೊಳ್ಳುವ ಈ ಕಟ್ಟಡಕ್ಕೆ ಬಂದ ಮೇಲೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಒಣಮೀನಿನ, ಅಂದರೆ ತುಳುವರ ನುಂಗೆಲಿನ, ಮರಾಠಿಗರ ಸುಕಿ ಮಾಸಳಿಯ ಕಾಲ ಅದು. ಮಳೆಗೆಂದು ಬಾಗಿಲು ಕಿಟಕಿಗಳೆಲ್ಲ ಮುಚ್ಚಿರುವ ಕಾಲವೂ ಅದೇ. ಕೆಳಗಿನ ಮನೆಯ ಮರಾಠಿ ಆಜಿ ಒಣ ಬೋಂಬಿಲು ಮೀನು ಸುಡುವ ದಿನ, ಮಂಡಿನೋವಿದ್ದರೂ ಮೆಟ್ಟಿಲು ಹತ್ತಿ ಬಂದು, “ಹನ್ನೊಂದಕ್ಕೆ ಒಲೆಗೆ ಇಡುತ್ತೇನೆ, ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳಿ” ಎಂದು ಹೇಳಿ ಹೋಗುತ್ತಾರೆ.

ನಾವು ಯಾರಿಗೂ ಹೀಗೆ ಹೇಳಿದವರಲ್ಲ. ಒಮ್ಮೆ ಸಾರಿನ ಪುಡಿಗೆಂದು ಬ್ಯಾಡಗಿಯ ಜೊತೆ ಗುಂಟೂರಿನ ಒಣಮೆಣಸನ್ನೂ ಬಾಣಲೆಗೆ ಹಾಕಿದಾಗ ಒಂದಷ್ಟು ಸೀದು, ಘಾಟು ಡಕ್ಟಿನಲ್ಲಿ ಏರಿತು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಮನೆಯಾಕೆ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಮಸಾಲೆ ಅಷ್ಟೇ” ಎಂದೆ. ಆ ಉತ್ತರಕ್ಕೆ ಈಗ ನಾಚಿಕೆಯಾಗುತ್ತದೆ. ಮೀನಿನ ವಾಸನೆ ಮೂಗನ್ನು ಮಾತ್ರ ಕಾಡಿದರೆ, ಮೆಣಸಿನ ಘಾಟು ಗಂಟಲನ್ನೇ ಹಿಡಿಯುತ್ತದೆ. ಆದರೂ ಕಟ್ಟಡದ ಸಂಘದ ಸಭೆಯಲ್ಲಿ ದೂರು ಬರುವುದು ಮೊದಲನೆಯದರ ಮೇಲೆಯೇ. (ಅಫ್ಘಾನಿಸ್ತಾನದಿಂದಲೋ ಇರಾನಿನಿಂದಲೋ ಬರುವ ನಮ್ಮ ಪ್ರೀತಿಯ ಇಂಗಿನ ಹಸಿ ವಾಸನೆ ರೂಢಿಯಿಲ್ಲದವರಿಗೆ ಹೇಗಿರುತ್ತದೆಂದು ನಾವು ಕೇಳುವುದೇ ಇಲ್ಲ.)

ಲೋಕಲ್ ರೈಲಿನಲ್ಲಿ ಮೀನಿನ ಬುಟ್ಟಿಗೆ ಲಗೇಜ್ ಡಬ್ಬಿ ಇದೆ. ಮೀನುಗಾರರಾದ ಕೋಳಿ ಸಮುದಾಯದ ಹೆಂಗಸರು ಅಲ್ಲಿ ಬುಟ್ಟಿ ಇಳಿಸಿ ಕೂರುತ್ತಾರೆ, ಯಾರೂ ಅವರಿಗೆ ಮೀನು ಮಾರಬೇಡಿ ಎನ್ನುವುದಿಲ್ಲ. ವಾಸನೆಯ ನೆಪ ಹೇಳಿ ಮೀನು ತಿನ್ನುವವರಿಗೆ ಮನೆಯನ್ನೇ ಕೊಡದ ಈ ನಗರದ ಕಟ್ಟಡಗಳಿಗಿಂತ ಆ ಡಬ್ಬಿಯ ಏರ್ಪಾಟು ನನಗೆ ಹೆಚ್ಚು ಸಭ್ಯವಾಗಿ ಕಾಣುತ್ತದೆ. ಕಿಟಕಿ ತೆರೆಯಲಾಗದ ಹವಾನಿಯಂತ್ರಿತ ಕಚೇರಿಯಲ್ಲಿ ಮೀನಿನ ಸಾರು ಬಿಸಿಮಾಡಬಾರದೆಂಬುದನ್ನು ನಾನು ಒಪ್ಪುತ್ತೇನೆ, ಬೆಳ್ಳುಳ್ಳಿ ಒಗ್ಗರಣೆಯ ನನ್ನ ಡಬ್ಬಿಗೂ ಅದೇ ನಿಯಮವಾದರೆ.

ಈಗ ನಮ್ಮ ಮನೆಯಲ್ಲಿ ಮೆಣಸು ಹುರಿಯುವುದು ಮೇಲಿನ ಮಗು ಬಾಲವಾಡಿಗೆ ಹೋದ ಮೇಲೆ, ಮುಂಚಿತವಾಗಿ ತಿಳಿಸಿಯೇ. ಆಜಿಯ ಬೋಂಬಿಲಿನ ವಾಸನೆ ಮಾತ್ರ ನನಗೆ ಇಂದಿಗೂ ಹಿಡಿಸುವುದಿಲ್ಲ. ಹನ್ನೊಂದಕ್ಕೆ ಮೊದಲು ಬಟ್ಟೆ ಒಳಗೆ ತಂದು, ಅಡುಗೆಮನೆಯ ಬಾಗಿಲು ಎಳೆದುಕೊಂಡು, ರಸ್ತೆ ಕಡೆಯ ಕಿಟಕಿಯ ಬಳಿ ಕುಳಿತುಕೊಳ್ಳುತ್ತೇನೆ.