ಸೇಫ್ ಏರಿಯಾ ಸಾರ್!

ಧಾರವಾಡದಿಂದ ಮೈಸೂರಿಗೆ ವರ್ಗವಾದ ದಿನ ನನ್ನ ಹೆಂಡತಿ ಹಾಕಿದ್ದು ಎರಡೇ ಕಂಡೀಷನ್. 'ಏರಿಯಾ ಸೇಫ್ ಇರಬೇಕ್ರಿ. ಮತ್ತ ಹಳೇ ಏರಿಯಾನ ಇರಬೇಕು. ಆ ಕಡ್ಡಿಪೆಟ್ಟಿಗಿ ಹಂತಾ ಅಪಾರ್ಟ್‌ಮೆಂಟ್ ನನಗ ಬ್ಯಾಡ.' ಅವಳು ಮಾಳಮಡ್ಡಿಯಲ್ಲಿ ಬೆಳೆದವಳು. ಮನೆ ಅಂದರೆ ಮುಂದೆ ಕಟ್ಟೆ, ಹಿಂದೆ ಹಿತ್ತಲು, ಮೇಲೆ ಹೆಂಚು ಇರಲೇಬೇಕು ಎಂದು ನಂಬಿದವಳು. ಎರಡೇ ಅಲ್ವಾ ಎಂದು ಒಪ್ಪಿಕೊಂಡುಬಿಟ್ಟೆ.

ಹೊಸ ಆಫೀಸಿನಲ್ಲಿ ಮೊದಲ ದಿನವೇ ಸಹೋದ್ಯೋಗಿಗಳನ್ನು ಕೇಳಿದೆ. ಕುವೆಂಪುನಗರದವರು ಕುವೆಂಪುನಗರ ಅಂದರು. ಒಂಟಿಕೊಪ್ಪಲಿನವರು 'ಒಂಟಿಕೊಪ್ಪಲು ಬಿಟ್ಟು ಆಚೆ ಹೋಗಬೇಡಿ' ಅಂದರು. ಅಗ್ರಹಾರದವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಅಂದರೆ ಅದಕ್ಕೆ ಚರ್ಚೆಯೇ ಬೇಕಿಲ್ಲ ಎಂದರ್ಥ. ಎಲ್ಲರೂ ಕೊನೆಗೆ ಸೇರಿಸುತ್ತಿದ್ದ ಮಾತು ಮಾತ್ರ ಒಂದೇ: 'ನಮ್ಮ ರಸ್ತೇಲಿ ಬಾಗಿಲು ತೆಗೆದಿಟ್ಟು ಮಲಗಬಹುದು. ಪಕ್ಕದ ಕ್ರಾಸ್‌ನಲ್ಲಿ ಸ್ವಲ್ಪ ಹುಷಾರು.' ಇವರೆಲ್ಲರ ಮಾತನ್ನು ಕೂಡಿಸಿದರೆ ಮೈಸೂರು ಪೂರ್ತಿ ಸೇಫ್. ಕಳೆದರೆ ಎಲ್ಲೂ ಸೇಫಿಲ್ಲ.

ನನಗೊಂದು ಕೆಟ್ಟ ಚಟ. ಊರಿಗೆ ಹೋಗುವ ಮುಂಚೆ ಆ ಊರಿನ ಇತಿಹಾಸ ಓದುತ್ತೇನೆ, ಓದಿದ್ದನ್ನು ಹೆಂಡತಿಗೆ ಹೇಳುತ್ತೇನೆ. ಫೋನಿನಲ್ಲಿ ಬಹಳ ಉತ್ಸಾಹದಿಂದ ಹೇಳಿದೆ: '1897ರಲ್ಲಿ ರಾಜಕುಮಾರಿಯ ಮದುವೆ ನಡೀತಿದ್ದಾಗಲೇ ಹಳೇ ಮರದ ಅರಮನೆಗೆ ಬೆಂಕಿ ಬಿತ್ತಂತೆ. ಈಗ ನಾವು ನೋಡೋ ಅರಮನೆ ಮುಗಿದಿದ್ದು 1912ರಲ್ಲಿ.' ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಬಂತು: 'ಅರಮನಿನ ಉಳೀಲಿಲ್ಲಂದ್ರ, ನಿಮ್ಮ ಬಾಡಿಗಿ ಮನಿ ಉಳೀತದೇನ್ರಿ?'

ಹೀಗಾಗಿ ಅದರ ಮುಂದಿನ ಅಧ್ಯಾಯವನ್ನು ನಾನು ಅವಳಿಗೆ ಹೇಳಲೇ ಇಲ್ಲ. ಅರಮನೆ ಸುಟ್ಟ ಮರುವರ್ಷವೇ ಈ ಕಡೆ ಪ್ಲೇಗ್ ಬಂತು. ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. 1903ರಲ್ಲಿ ಊರು ಸುಧಾರಿಸಲಿಕ್ಕೆಂದೇ ಒಂದು ಟ್ರಸ್ಟ್ ಬೋರ್ಡ್ ಆಯಿತು. ಹಳಬರ ಬಾಯಲ್ಲಿ ಅದು ಈಗಲೂ ಸಿಐಟಿಬಿ. ನೇರವಾದ ಅಗಲ ರಸ್ತೆ, ಮನೆಗೆ ಗಾಳಿ ಬೆಳಕು, ಮನೆಗಳ ಬೆನ್ನಿಗೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ನಾವು ಇವತ್ತು 'ಆಹಾ, ಎಂಥಾ ಹಳೇ ಏರಿಯಾ' ಎಂದು ಬಾಯಿ ಬಿಡುವ ಬಡಾವಣೆಗಳು ಹುಟ್ಟಿದ್ದೇ ಹೆದರಿಕೆಯಿಂದ. ಆಗಿನ ಕಾಲಕ್ಕೆ ಸೇಫ್ ಏರಿಯಾ ಅಂದರೆ ಕಳ್ಳರಿಲ್ಲದ ಏರಿಯಾ ಅಲ್ಲ, ಇಲಿ ಇಲ್ಲದ ಏರಿಯಾ. ನನ್ನ ಹೆಂಡತಿ ಕಳ್ಳನನ್ನಾದರೂ ಕೂರಿಸಿ ಮಾತಾಡಿಸುತ್ತಾಳೆ. ಇಲಿ ಕಂಡರೆ ಮಂಚ ಹತ್ತುತ್ತಾಳೆ.

ಬ್ರೋಕರ್ ಸಿಕ್ಕಿದ. ಟಿವಿಎಸ್ ಎಕ್ಸೆಲ್ ಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ಎರಡು ಭಾನುವಾರ ಊರೆಲ್ಲಾ ಸುತ್ತಿಸಿದ. ಅವನ ಬಾಯಲ್ಲಿ ಎರಡೇ ಮಂತ್ರ: 'ಸೇಫ್ ಏರಿಯಾ ಸಾರ್' ಮತ್ತು 'ಒಳ್ಳೇ ಜನ ಸಾರ್'. ಎರಡನೆಯದರ ಅರ್ಥ ನನಗೆ ಗೊತ್ತಾಗಲು ನಾಲ್ಕು ಮನೆ ಬೇಕಾಯಿತು. ನಾಲ್ಕನೇ ಮನೆಯ ಯಜಮಾನರು ಕಾಫಿ ಕೊಟ್ಟರು, ಊರು ಕೇಳಿದರು, ಸಂಬಳ ಕೇಳಿದರು, ಆಮೇಲೆ ಲೋಟ ಕೆಳಗಿಡುತ್ತಾ ಮೆತ್ತಗೆ ಕೇಳಿದರು: 'ತಪ್ಪು ತಿಳ್ಕೋಬೇಡಿ. ತಾವು ಯಾವ ಪೈಕಿ?' ಕಾಫಿ ಚೆನ್ನಾಗಿತ್ತು. ಉತ್ತರ ಹೇಳದೆ ಎದ್ದು ಬಂದೆ. ಕಳ್ಳರಿಗೆ ಬಾಗಿಲು ಹಾಕುವುದು ಸರಿ. ಆದರೆ ಸೇಫ್ ಅನ್ನುವ ಮಾತಿನ ಮರೆಯಲ್ಲಿ ಎಷ್ಟು ಜನರಿಗೆ ಬಾಗಿಲು ಹಾಕಿದ್ದಾರಪ್ಪ ಅನಿಸಿತು. ಎಕ್ಸೆಲ್ ಸ್ಟಾರ್ಟ್ ಮಾಡುತ್ತಾ ಬ್ರೋಕರ್ ಅಂದ, 'ಬಿಡಿ ಸಾರ್, ಇನ್ನೂ ಸೇಫ್ ಏರಿಯಾ ತೋರಿಸ್ತೀನಿ.'

ಈ ನಡುವೆ ಆಫೀಸಿನಲ್ಲಿ ಒಬ್ಬರು ನನ್ನ ತಲೆಗೆ ಬೇರೆಯೇ ಹುಳ ಬಿಟ್ಟರು. 'ಕಳ್ಳರ ಚಿಂತೆ ಆಮೇಲೆ. ಮೊದಲು ಮನೆ ತಲೆ ಮೇಲೆ ಬೀಳಲ್ವಾ ನೋಡ್ಕೊಳ್ಳಿ.' ತಮಾಷೆಯ ಮಾತಲ್ಲ ಅದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು. ಎರಡೂ ಆಗಸ್ಟ್ ತಿಂಗಳಲ್ಲಿ. 'ಹಳೇ ಮನೇನ ಬೇಸಿಗೇಲಿ ನೋಡಬಾರದು ಕಣ್ರೀ. ಬೇಸಿಗೇಲಿ ಎಲ್ಲಾ ಮನೇನೂ ಚೆನ್ನಾಗಿರತ್ತೆ. ಮಳೆಗಾಲದಲ್ಲಿ ನೋಡಿ' ಅಂದರು. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಬೀಗದ ಕೈಯಿಂದ ಚುಚ್ಚಿ ನೋಡಬೇಕಂತೆ, ಗೆದ್ದಲು ಮೊದಲು ಕೂರುವುದು ಅಲ್ಲೇ ಅಂತೆ. ಬಾಗಿಲು ನೆಲಕ್ಕೆ ಉಜ್ಜಿದರೆ ಗೋಡೆ ಕೂತಿದೆಯಾ ಎಂದು ಅನುಮಾನ ಪಡಬೇಕಂತೆ.

ಅಂದಿನಿಂದ ನಾನು ಮನೆ ನೋಡಲು ಹೋದಲ್ಲೆಲ್ಲಾ ಸ್ಟೂಲ್ ಕೇಳತೊಡಗಿದೆ. ಶಿವರಾಂಪೇಟೆಯ ಕಡೆ ಒಂದು ಮನೆಯಲ್ಲಿ ತೊಲೆಗೆ ಕೀ ಚುಚ್ಚಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಕೀಚೈನಿನ ಗಣಪತಿ ಮಾತ್ರ ಹೊರಗೆ ನೇತಾಡುತ್ತಿದ್ದ. ಮಾಲೀಕರು ಕೆಳಗಿನಿಂದ ನೋಡಿ, 'ಅದು ಮೊದಲಿಂದ್ಲೂ ಹಾಗೇ ಸಾರ್' ಅಂದರು. ಅಂಥ ಸಮಾಧಾನ ನನಗೂ ಇದ್ದಿದ್ದರೆ!

ಕೊನೆಗೆ ಸಿಕ್ಕಿದ್ದು ಚಾಮರಾಜಪುರಂನಲ್ಲಿ. ಕೆಂಪು ಗಾರೆ ನೆಲ, ಮುಂದೆ ಜಗಲಿ, ಎರಡು ರೆಕ್ಕೆಯ ದಪ್ಪ ಬಾಗಿಲು, ಮೇಲೆ ಮಂಗಳೂರು ಹೆಂಚು. ಕೀ ಎಲ್ಲೂ ಒಳಗೆ ಹೋಗಲಿಲ್ಲ. ಚಾಮರಾಜನಗರದ ರೈಲು ಹೋದಾಗ ಪಾತ್ರೆಗಳು ಟಿಣ್ ಅನ್ನುತ್ತವೆ, ಅಷ್ಟೇ. ಮಾಲೀಕರು ಬೆಂಗಳೂರಿನಲ್ಲಿದ್ದರು, ಅವರು ಏನೂ ಕೇಳಲಿಲ್ಲ, ಅಡ್ವಾನ್ಸ್ ಕೇಳಿದರು. ಹೆಂಡತಿ ಬಂದು ನೆಲ ಮುಟ್ಟಿ ನೋಡಿ, 'ಮಾಳಮಡ್ಡಿ ಮನಿ ಹಂಗ ತಣ್ಣಗದ' ಅಂದಳು. ಅಷ್ಟಕ್ಕೆ ಪಾಸಾದೆ.

ಸೇಫ್ ಏರಿಯಾ ಎಂದರೇನೆಂದು ಮಾರನೇ ಬೆಳಿಗ್ಗೆಯೇ ಗೊತ್ತಾಯಿತು. ಎದುರು ಮನೆಯ ಜಗಲಿಯಲ್ಲಿ ಒಬ್ಬರು ಅಜ್ಜಿ. ಬೆಳಿಗ್ಗೆ ಆರಕ್ಕೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳುತ್ತಾರೆ. 'ನಿನ್ನೆ ಹನ್ನೊಂದು ಗಂಟೇಲೂ ಲೈಟ್ ಉರೀತಿತ್ತಲ್ಲಪ್ಪ, ಮೈಗೆ ಹುಷಾರಿಲ್ವಾ?' ಒಂಬತ್ತಕ್ಕೆ ಎದ್ದುಹೋದವರು ಹನ್ನೊಂದರ ಲೈಟನ್ನು ಎಲ್ಲಿಂದ ನೋಡಿದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಹೆಂಡತಿಗೆ ಅವರು ಕೇಳಿದ್ದು, 'ತಿಂಡಿ ಆಯ್ತಾ ತಾಯಿ?' ನಮ್ಮ ಕಡೆ ತಿಂಡಿ ಅಂದರೆ ಕೆರೆತ. ಇವಳು ಮುಖ ಕೆಂಪು ಮಾಡಿಕೊಂಡು ಒಳಗೆ ಬಂದು, 'ಮುದುಕಿ ಭಾಳ ಶಾಣ್ಯಾ ಅದ, ಬಂದ ಮರುದಿನಾನ ಜಗಳಾ ತಗೀತದ' ಅಂದಳು. ನಾಷ್ಟಾ ಕೇಳಿದ್ದು ಕಣೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅಜ್ಜಿಯ ಮನೆಯಿಂದ ಉಪ್ಪಿಟ್ಟೇ ಬಂತು.

ದಸರೆ ಬಂತು. ಜಂಬೂಸವಾರಿಯ ದಿನ ಸಿಡಿಯುವ ಕುಶಾಲತೋಪಿನ ಸದ್ದಿಗೆ ಆನೆಗಳು ಬೆದರಬಾರದು ಎಂದು ವಾರಗಟ್ಟಲೆ ಮೊದಲೇ ಫಿರಂಗಿ ಹೊಡೆದು ತಾಲೀಮು ಮಾಡಿಸುತ್ತಾರೆ. ಆನೆಗಳಿಗೆ ಮಾಡಿಸುತ್ತಾರೆ. ಧಾರವಾಡದಿಂದ ಬಂದವರಿಗೆ ಯಾರೂ ಮಾಡಿಸುವುದಿಲ್ಲ. ಮೊದಲ ಸದ್ದಿಗೇ ನಾನು ಗಡ್ಡಕ್ಕೆ ಹಚ್ಚಿದ ನೊರೆ ಸಮೇತ ಬೀದಿಗೆ ಓಡಿದೆ. ಲ್ಯಾನ್ಸ್‌ಡೌನ್ ತಲೆಯಲ್ಲೇ ಇತ್ತಲ್ಲ. ಅಜ್ಜಿ ಹೂವು ಕಟ್ಟುತ್ತಾ ತಲೆಯೆತ್ತದೆ ಅಂದರು, 'ಆನೆಗೆ ಕಣಪ್ಪ, ನಿಂಗಲ್ಲ.'

ಇಷ್ಟಾದ ಮೇಲೂ ನನಗೆ ಕಳ್ಳರ ಭಯ ಹೋಗಿರಲಿಲ್ಲ. ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದೆ, ಕನ್ಸರ್ವೆನ್ಸಿ ಕಡೆಯ ಹಿಂಬಾಗಿಲಿಗೆ ಎರಡು ಚಿಲಕ. ಕಿಟಕಿಗಳಿಗೆ ಸರಳು ಹೇಗೂ ಇತ್ತು.

ಒಂದು ಭಾನುವಾರ ಸಂಜೆ ಅರಮನೆ ದೀಪ ನೋಡಲು ಹೋದೆವು. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಲೇ ಹತ್ತಿಕೊಂಡಾಗ ಹೆಂಡತಿ 'ಅಯ್ಯಯ್ಯ, ಕರೆಂಟ್ ಬಿಲ್ಲು!' ಅಂದಳು. ಎಂಟೂವರೆಗೆ ವಾಪಸ್ ಬಂದು ಬೀಗ ತೆಗೆದೆ. ಬಾಗಿಲು ತೆರೆಯಲಿಲ್ಲ. ತಳ್ಳಿದೆ. ಭುಜ ಕೊಟ್ಟೆ. ಊಹೂಂ. ಬಾಗಿಲ ಒಳಗಡೆ ಹಳೇ ಕಾಲದ ಒಂದು ಮರದ ಅಗುಳಿ ಇತ್ತು. ನೆಟ್ಟಗೆ ನಿಲ್ಲಿಸಿದರೆ ಬಾಗಿಲು ತೆರೆಯುತ್ತೆ, ಅಡ್ಡ ಬಿದ್ದರೆ ಭದ್ರ. ಹೋಗುವಾಗ ನಾನು ಸೇಫ್ಟಿಗೆಂದು ಬಾಗಿಲನ್ನು ಜೋರಾಗಿ ಎಳೆದಿದ್ದೆ. ಆ ರಭಸಕ್ಕೆ ಅಗುಳಿ ಒಳಗಡೆ ತಾನೇ ಬಿದ್ದು ಕೂತಿತ್ತು. ಹಿಂಬಾಗಿಲಿಗೆ ಎರಡು ಚಿಲಕ, ನನ್ನದೇ ಮುತುವರ್ಜಿ.

ಹತ್ತು ನಿಮಿಷದಲ್ಲಿ ಬೀದಿ ಸೇರಿತು. ನಾನು ಬಡಗಿ ಎಲ್ಲಿ ಸಿಗುತ್ತಾನೆ ಎಂದು ಕೇಳುತ್ತಿದ್ದೆ. ಅಜ್ಜಿ ಜಗಲಿಯಿಂದಲೇ ಅಂದರು, 'ಬಡಗಿ ಯಾಕೆ? ಹೆಂಚು ತೆಗೀರಿ.'

ಯಾರೂ ಕರೆಯದೆ ಏಣಿ ಬಂತು. ರಿಟೈರ್ಡ್ ಮೇಷ್ಟ್ರೊಬ್ಬರು ಟಾರ್ಚ್ ಹಿಡಿದು ಬಂದು ಪಾಠ ಶುರು ಮಾಡಿದರು. 'ನೋಡಿ, ಮಂಗಳೂರು ಹೆಂಚಿಗೆ ಸಿಮೆಂಟ್ ಇಲ್ಲ, ಗಾರೆ ಇಲ್ಲ. ಒಂದರ ತೋಡಿಗೆ ಇನ್ನೊಂದು ಕೂತು ರೀಪಿನ ಮೇಲೆ ನಿಂತಿರತ್ತೆ, ಅಷ್ಟೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಇದೇ ಲೆಕ್ಕ.' ಎತ್ತಿದರೆ ಬರುತ್ತೆ ಎನ್ನುವುದನ್ನು ಇಷ್ಟು ವಿವರವಾಗಿ ಕೇಳಿಸಿಕೊಂಡ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಎಂಟು ತಿಂಗಳಿಂದ ನಾನು ಬೀಗ ಹಾಕಿ ಮಲಗುತ್ತಿದ್ದದ್ದು ಮುಚ್ಚಳ ಇಟ್ಟ ಪಾತ್ರೆಯೊಳಗೆ.

'ಅಡುಗೆಮನೆ ಮೇಲೆ, ಮೂರನೇ ಸಾಲು' ಅಂದರು ಪೇಪರ್ ಏಜೆಂಟರು.

'ಮೂರನೇ ಸಾಲಲ್ಲಿ ಐದನೇದು' ಎಂದು ತಿದ್ದಿದರು ಮೂಲೆಮನೆಯಾಕೆ. 'ನಾಲ್ಕನೇದು ಬಿಗಿ.'

ಏಳನೇ ಕ್ಲಾಸಿನ ಒಬ್ಬ ಹುಡುಗ ಆಗಲೇ ಚಪ್ಪಲಿ ಬಿಟ್ಟು ಏಣಿ ಹತ್ತುತ್ತಿದ್ದ. ಹುಷಾರಪ್ಪ, ಅಭ್ಯಾಸ ಇದೆಯಾ ಎಂದೆ. 'ಹೋದ ಸಲಾನೂ ನಾನೇ ಅಂಕಲ್ ಇಳಿದಿದ್ದು' ಅಂದ. ಹೋದ ಸಲ ಯಾವಾಗ, ಅದಕ್ಕೂ ಹಿಂದಿನ ಸಲ ಯಾರು ಎಂದೆಲ್ಲಾ ಕೇಳುವಷ್ಟರಲ್ಲಿ ಅವನು ಹೆಂಚು ಎತ್ತಿ ಪಕ್ಕಕ್ಕಿಟ್ಟು ಕಾಲು ಇಳಿಬಿಟ್ಟು ಮಾಯವಾದ. ಒಳಗಿನಿಂದ ಮೊದಲು ಅಟ್ಟದ ಸದ್ದು, ಆಮೇಲೆ 'ಪಚಕ್' ಎಂದು ಒಂದು ಸದ್ದು. ಹೆಂಡತಿ ಕಣ್ಣು ಮುಚ್ಚಿ, 'ದೋಸಿ ಹಿಟ್ಟು' ಅಂದಳು.

ಬಾಗಿಲು ತೆರೆಯಿತು. ಹುಡುಗನ ಬಲಗಾಲು ಮೊಣಕಾಲಿನವರೆಗೆ ಬೆಳ್ಳಗೆ. ಏಣಿ ಇಟ್ಟಾಗಿನಿಂದ ಆರು ನಿಮಿಷವೂ ಆಗಿರಲಿಲ್ಲ. ಬೀದಿಯವರೆಲ್ಲಾ ಭೇಷ್ ಅಂದರು. ಅವನು ಅದನ್ನೆಲ್ಲಾ ಬಿಟ್ಟು ನೇರವಾಗಿ ನನ್ನ ಹೆಂಡತಿಗೆ ಹೇಳಿದ, 'ಆಂಟಿ, ನಿಮ್ಮನೆ ಅಟ್ಟದ ಮೇಲೆ ಹೆಗ್ಗಣ ಇದೆ. ಇಷ್ಟು ದಪ್ಪ.'

ಅವಳು ಹೆಗ್ಗಣದ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

ಮಾರನೇ ದಿನ ಹೆಂಚು ಕೆಲಸದವನನ್ನು ಕರೆಸಿದೆ. ಆ ಮೂರನೇ ಸಾಲಿನ ಐದನೇ ಹೆಂಚಿಗೆ ಸಿಮೆಂಟ್ ಮೆತ್ತಿ ಭದ್ರ ಮಾಡು ಅಂದೆ. ಅವನು ಮೇಲೆ ಹೋದ, ನೋಡಿದ, ಕೆಳಗೆ ಬಂದು ಬೀಡಿ ಹಚ್ಚಿದ. 'ಅದನ್ನ ಭದ್ರ ಮಾಡಿದ್ರೆ ಮುಂದಿನ ಸಲ ಒಳಗೆ ಹೋಗೋದು ಹೆಂಗೆ ಸಾರ್?'

'ನಾನೂ ಅದನ್ನೇ ಹೇಳ್ತಿದ್ದೆ!' ಎದುರು ಜಗಲಿಯಿಂದ ಕೂಗು ಬಂತು.

ಅವನು ಆ ಹೆಂಚನ್ನು ಮುಟ್ಟಲಿಲ್ಲ. ಪಕ್ಕದ ಎರಡು ಒಡೆದ ಹೆಂಚು ಬದಲಾಯಿಸಿ, ಅಟ್ಟದ ಮೇಲೆ ಒಂದು ಬೋನು ಇಟ್ಟು, ಮುನ್ನೂರು ರೂಪಾಯಿ ತಗೊಂಡು ಹೋದ. ಅವತ್ತು ರಾತ್ರಿ ಹೆಂಡತಿ ಮನೆ ಬಿಡುವ ಮಾತು ತೆಗೆಯುತ್ತಾಳೆ ಎಂದು ಕಾದೆ. ತೆಗೆಯಲಿಲ್ಲ. ಹೊಸದಾಗಿ ರುಬ್ಬಿದ ದೋಸೆ ಹಿಟ್ಟಿನ ಪಾತ್ರೆಯನ್ನು ಎತ್ತಿಕೊಂಡು ಒಮ್ಮೆ ಮೇಲೆ ನೋಡಿ, ಸಾಲು ಎಣಿಸಿ, ಅಡುಗೆಕಟ್ಟೆಯ ಆಚೆ ತುದಿಗೆ ಇಟ್ಟಳು.